ಕರಿನೀರಿನಾಚೆಯ ಊರು

ಪೋರ್ಟ್ ಬ್ಲೇರಿನ ಅಬರ್ಡೀನ್ ದಕ್ಕೆಯನ್ನು ಬಿಟ್ಟ ದೋಣಿಯಲ್ಲಿ ಕುಳಿತು ಎಲೆಯಡಕೆ ಮೆದ್ದು ಮುಗಿಸುವಷ್ಟು ಹೊತ್ತೂ ಆಗಿರುವುದಿಲ್ಲ. ಅಷ್ಟರಲ್ಲಿ ತೆಂಗಿನ ತೋಪಿನ ಹಸುರನ್ನು ಮೈತುಂಬ ಹೊದ್ದ ರಾಸ್ ದ್ವೀಪವು ಕಣ್ಣೆದುರಿಗೆ ಬಂದುಬಿಡುತ್ತದೆ. ಒಂದು ಚದರ ಕಿಲೋಮೀಟರಿಗೂ ಕಡಿಮೆಯಾದ ಆ ನೆಲದ ತುಣುಕಿನ ಮೇಲೆ ಇಳಿದವರನ್ನು ಮೊದಲು ಎದುರುಗೊಳ್ಳುವುವು ಚುಕ್ಕೆಜಿಂಕೆಗಳು. ಮನುಷ್ಯರ ಭಯವನ್ನು ಎಂದೋ ಮರೆತಿರುವ ಆ ಪ್ರಾಣಿಗಳು ಯಾತ್ರಿಕರ ಕೈಯೊಳಗಿನ ತಿಂಡಿಯ ಪೊಟ್ಟಣಕ್ಕೆ ನಿಸ್ಸಂಕೋಚವಾಗಿ ಮೂತಿಯೊಡ್ಡುತ್ತವೆ.

ಏರುದಾರಿಯಲ್ಲಿ ಸ್ವಲ್ಪ ದೂರ ನಡೆದರೆ ಇಟ್ಟಿಗೆಯ ಗೋಡೆಗಳು ಕಾಣತೊಡಗುತ್ತವೆ. ಇದು ಬೇಕರಿ, ಇದು ಅಚ್ಚುಕೂಟ, ಇದು ಅಧಿಕಾರಿಗಳ ಕ್ಲಬ್ಬು, ಅಗೋ ಅಲ್ಲಿ ಎತ್ತರದಲ್ಲಿ ಇಗರ್ಜಿ ಎಂದು ಫಲಕಗಳು ಸಾರುತ್ತವೆ. ಫಲಕವಿಲ್ಲದಿದ್ದರೆ ಯಾವುದು ಯಾವುದೆಂದು ಹೇಳುವುದು ದುಸ್ಸಾಧ್ಯ. ಏಕೆಂದರೆ ಒಂದಕ್ಕೂ ಮಾಡಿಲ್ಲ, ಬಾಗಿಲಿಲ್ಲ. ಎಲ್ಲವನ್ನೂ ಆಲ ಅತ್ತಿಗಳ ಜಾತಿಯ ಮರಗಳು ಬಳಸಿ ಬಿಗಿದಿವೆ.

ಒಂದು ಕಿಟಕಿಯ ಕಮಾನನ್ನು ಸಮೀಪದಿಂದ ನೋಡಬೇಕು. ಮೇಲಿನಿಂದ ಇಳಿದ ಬೇರೊಂದು ತೋಳಿನ ಗಾತ್ರವಾಗಿದ್ದು, ಕಮಾನಿನ ನೆತ್ತಿಯಲ್ಲಿ ಕವಲೊಡೆದು, ಎರಡೂ ಪಕ್ಕಗಳಲ್ಲಿ ಇಟ್ಟಿಗೆಯ ಸಂದುಗಳನ್ನು ಹುಡುಕಿಕೊಂಡು ಹರಿದಿದೆ. ಸಂದಿನ ಗಾರೆ ಉದುರಿ ಎಷ್ಟೋ ಕಾಲವಾಗಿದೆ. ಗಾರೆಯಿದ್ದ ಸ್ಥಳದಲ್ಲಿ ಈಗ ಬೇರಿದೆ. ಬೆರಳಿಂದ ಮುಟ್ಟಿದರೆ ಇಟ್ಟಿಗೆಯ ಕೆಂಪು ಹುಡಿ ಅಂಟುತ್ತದೆ. ಗೋಡೆ ಬೇರನ್ನು ಹೊತ್ತು ನಿಂತಿದೆಯೋ ಬೇರು ಗೋಡೆಯನ್ನು ಎತ್ತಿ ಹಿಡಿದಿದೆಯೋ ನೋಡುವವರಿಗೆ ತಿಳಿಯದು.

ಈ ಇಟ್ಟಿಗೆಗಳನ್ನು ಜೋಡಿಸಿದವರು ಕೈದಿಗಳು. ಅವರ ಹೆಸರನ್ನು ಹೇಳುವ ಫಲಕ ಈ ದಾರಿಯಲ್ಲಿಲ್ಲ. ಅಂಡಮಾನ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಆಚೆ ದಂಡೆಯ ಸೆಲ್ಯುಲಾರ್ ಜೈಲು. ಆ ಜೈಲಿನೊಡನೆ ಕೆಲವು ವೀರರ ಹೆಸರುಗಳು. ಜೈಲಿನ ಕಟ್ಟಡ ಮುಗಿಯುವುದಕ್ಕೆ ನಲವತ್ತೆಂಟು ವರ್ಷಗಳ ಮುಂಚಿನಿಂದಲೂ ಅಲ್ಲಿ ಒಂದು ಶಿಕ್ಷಾವಸಾಹತು ಇದ್ದಿತು, ಇಡಿಯ ದ್ವೀಪವೇ ಬಂದೀಖಾನೆಯಾಗಿದ್ದಿತು, ಸಹಸ್ರಾರು ಸಾಮಾನ್ಯರು ಅಲ್ಲಿ ಕಾಡು ಕಡಿದು, ಜ್ವರ ಹಿಡಿದು, ಸತ್ತು, ಬದುಕಿ, ಮದುವೆಯಾಗಿ, ಊರು ಕಟ್ಟಿದರು ಎಂಬ ಸಂಗತಿಯನ್ನು ನಾವು ಅರೆಬರೆಯಾಗಿ ಮಾತ್ರವೇ ಬಲ್ಲೆವು. (2018ರಿಂದ ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪವೆಂದೂ, 2024ರಿಂದ ಪೋರ್ಟ್ ಬ್ಲೇರಿಗೆ ಶ್ರೀ ವಿಜಯಪುರಂ ಎಂದೂ ಹೆಸರು. ಹಳೆಯ ಕಥೆಯನ್ನು ಹೇಳುವಾಗ ಹಳೆಯ ಹೆಸರುಗಳೇ ಅನುಕೂಲವಾದುದರಿಂದ ಅವುಗಳನ್ನೇ ಇಲ್ಲಿ ಉಳಿಸಿಕೊಂಡಿದೆ.)

ಕರಿನೀರು ಎಂಬ ಮಾತು

ದೂರದ ಊರಿಗೆ ವರ್ಗವಾದ ಗುಮಾಸ್ತನು ‘ನನ್ನನ್ನು ಅಂಡಮಾನಿಗೆ ಹಾಕಿಬಿಟ್ಟರು’ ಎಂದು ಗೊಣಗುವುದನ್ನು ನಾವು ಕೇಳಿದ್ದೇವೆ. ‘ಕರಿನೀರಿನ ಶಿಕ್ಷೆ’ ಎಂಬ ಮಾತಂತೂ ನಮ್ಮ ಭಾಷೆಯಲ್ಲಿ ಪೂರ್ತಿಯಾಗಿ ಒಗ್ಗಿಹೋಗಿದೆ. ಸಮುದ್ರವನ್ನು ದಾಟಿದವನು ಜಾತಿಭ್ರಷ್ಟನಾಗುತ್ತಾನೆಂಬ ಭಾವನೆ ಬಲವಾಗಿದ್ದ ಕಾಲದಲ್ಲಿ, ಸಾಯುವ ಶಿಕ್ಷೆಗಿಂತ ಕಡಲಾಚೆಗೆ ಕಳುಹಿಸುವ ಶಿಕ್ಷೆಯೇ ಹೆಚ್ಚು ಭೀಕರವೆಂದು ಜನ ಎಣಿಸಿದ್ದರು. ಆಳುವವರು ಆ ಭಯವನ್ನು ಚೆನ್ನಾಗಿ ಅರಿತು ಉಪಯೋಗಿಸಿಕೊಂಡರು.

ಈ ಪದ್ಧತಿ ಅಂಡಮಾನಿನಲ್ಲಿ ಹುಟ್ಟಿದುದಲ್ಲ. ಈಸ್ಟ್ ಇಂಡಿಯಾ ಕಂಪನಿಯು 1787ರಿಂದಲೇ ಭಾರತದ ಅಪರಾಧಿಗಳನ್ನು ಸುಮಾತ್ರಾದ ಬೆಂಕೂಲನ್ನಿಗೆ ಸಾಗಿಸುತ್ತಿದ್ದಿತು. ಅನಂತರ ಪಿನಾಂಗು, ಮಲಾಕ್ಕಾ, ಸಿಂಗಪುರ, ಮಾರಿಷಸ್ಸುಗಳೂ ಆ ಪಟ್ಟಿಗೆ ಸೇರಿದುವು. ಸಿಂಗಪುರದ ಸೇಂಟ್ ಆಂಡ್ರ್ಯೂಸ್ ಇಗರ್ಜಿಯನ್ನು ನೋಡಿ ಅದರ ನುಣುಪಾದ ಬಿಳಿಯ ಗೋಡೆಗಳನ್ನು ಹೊಗಳುವ ನಮ್ಮ ಪ್ರವಾಸಿಗಳು, ಅದನ್ನು ಕಟ್ಟಿದ ಕೈಗಳು ಭಾರತೀಯ ಕೈದಿಗಳವೆಂಬುದನ್ನು ಅಪರೂಪವಾಗಿ ಅರಿತಿರುತ್ತಾರೆ. ಕೈದಿಯೆಂದರೆ ಕೂಲಿ ಕೊಡಬೇಕಾಗಿಲ್ಲದ ಆಳು ಎಂಬುದೇ ಈ ವ್ಯವಸ್ಥೆಯ ಒಳಗುಟ್ಟು.

ಅಂಡಮಾನಿನಲ್ಲಿ ನೆಲೆಯೂರುವ ಮೊದಲ ಪ್ರಯತ್ನವನ್ನು 1789ರಲ್ಲಿ ಆರ್ಚಿಬಾಲ್ಡ್ ಬ್ಲೇರ್ ಎಂಬ ನೌಕಾಧಿಕಾರಿಯು ನಡೆಸಿದನು. ಕೆಲವೇ ವರ್ಷಗಳಲ್ಲಿ ವಸಾಹತನ್ನು ಉತ್ತರದ ಬೇರೊಂದು ಬಂದರಿಗೆ ಸಾಗಿಸಿದರು. ಅಲ್ಲಿ ರೋಗ ಮುತ್ತಿ, 1796ರಲ್ಲಿ ಎಲ್ಲವನ್ನೂ ತೊರೆದು ಹೊರಟರು. ಮುಂದಿನ ಅರುವತ್ತು ವರ್ಷ ಕಾಡು ತನ್ನ ಪಾಡಿಗೆ ತಾನು ಬೆಳೆಯಿತು.

1858ರ ಮಾರ್ಚ್ ತಿಂಗಳು

1857ರ ಮಹಾಕ್ಷೋಭೆ ಅಡಗುತ್ತಿದ್ದಂತೆ ಸರ್ಕಾರಕ್ಕೆ ಒಂದು ವಿಚಿತ್ರವಾದ ಸಂಕಟ ಒದಗಿತು. ಬಂಡೆದ್ದ ಸಿಪಾಯಿಗಳಲ್ಲಿ ಗಲ್ಲಿಗೇರದೆ ಉಳಿದವರನ್ನು ಇಡುವುದೆಲ್ಲಿ? ದೇಶದೊಳಗಿನ ಸೆರೆಮನೆಗಳನ್ನು ಬಂಡಾಯದ ಕಾಲದಲ್ಲಿ ಜನ ಒಡೆದುಹಾಕಿದ್ದರು. ಸಿಂಗಪುರ ಮುಂತಾದ ಜಲಸಂಧಿಯ ನಾಡುಗಳ ಬಿಳಿಯರು ಇಂಥ ಕೈದಿಗಳು ತಮಗೆ ಬೇಡವೆಂದು ಕೂಗೆಬ್ಬಿಸಿದ್ದರು. ಫ್ರೆಡರಿಕ್ ಮೌಅಟ್ ಎಂಬ ವೈದ್ಯನ ನೇತೃತ್ವದ ಸಮಿತಿಯೊಂದು ಅಂಡಮಾನಿನ ತೀರವನ್ನು ಸುತ್ತಿ ನೋಡಿ, ಬ್ಲೇರನು ಹಿಂದೆ ಬಿಟ್ಟುಹೋಗಿದ್ದ ಬಂದರನ್ನೇ ಆರಿಸಿತು. ಅದಕ್ಕೆ ಅವನ ಹೆಸರನ್ನೇ ಇಟ್ಟಿತು.

1858ರ ಮಾರ್ಚ್ 10ರಂದು ‘ಸೆಮಿರಾಮಿಸ್’ ಎಂಬ ಹಡಗು 200 ಮಂದಿ ಕೈದಿಗಳನ್ನು ಹೊತ್ತು ಬಂದಿತು. ಅವರ ಮೇಲ್ವಿಚಾರಕ ಜೇಮ್ಸ್ ಪ್ಯಾಟಿಸನ್ ವಾಕರ್. ಆಗ್ರಾದ ಸೆರೆಮನೆಯಲ್ಲಿ ಪಳಗಿದವನು. ಮೊದಲು ಚಾಟಮ್ ದ್ವೀಪದಲ್ಲಿ ಇಳಿದರು. ಅಲ್ಲಿ ಕುಡಿಯುವ ನೀರು ಸಾಲದೆಂದು ಕಂಡು, ರಾಸ್ ದ್ವೀಪದ ಕಾಡನ್ನು ಕಡಿಯತೊಡಗಿದರು. ಕಾವಲಿಗೆ ಗೋಡೆಯಿರಲಿಲ್ಲ. ನಾಲ್ಕು ದಿಕ್ಕಿಗೂ ಸಮುದ್ರ, ಹಿಂದೆ ಯಾರೂ ಹೊಕ್ಕು ಬಾರದ ಅರಣ್ಯ, ಆ ಅರಣ್ಯದಲ್ಲಿ ಬಿಲ್ಲು ಹಿಡಿದ ಮೂಲನಿವಾಸಿಗಳು. ಇದಕ್ಕಿಂತ ಭದ್ರವಾದ ಗೋಡೆ ಯಾವುದು ಎಂಬುದು ವಾಕರನ ಎಣಿಕೆಯಾಗಿದ್ದಿರಬೇಕು.

ಆದರೂ ಜನ ಓಡಿಹೋದರು. ಕಾಡನ್ನು ದಾಟಿದರೆ ಬರ್ಮಾ ದೇಶ ಸಿಕ್ಕುವುದೆಂಬ ನಂಬಿಕೆ ಅವರಲ್ಲಿ ಹಬ್ಬಿದ್ದಿತು. ತಾವು ನಿಂತಿರುವುದು ದ್ವೀಪವೆಂಬುದೇ ಅನೇಕರಿಗೆ ತಿಳಿಯದು. ಹಸಿವಿನಿಂದ ಕಂಗೆಟ್ಟು ಹಿಂದಿರುಗಿದವರಲ್ಲಿ ಎಂಬತ್ತಕ್ಕೂ ಮಿಕ್ಕಿದವರನ್ನು ವಾಕರನು ಗಲ್ಲಿಗೇರಿಸಿದನು. ಕಲ್ಕತ್ತೆಯ ಸರ್ಕಾರವೇ ಇದಕ್ಕೆ ಬೆಚ್ಚಿ, ಇನ್ನು ಮುಂದೆ ಹೀಗೆ ಮಾಡಕೂಡದೆಂದು ಅವನನ್ನು ತಡೆಯಬೇಕಾಯಿತು. ಆ ವರ್ಷದ ಜೂನ್ ನಡುವಿನವರೆಗೆ ಅಲ್ಲಿಗೆ ಬಂದಿಳಿದವರು 773 ಮಂದಿ. ಲೆಕ್ಕ ಹಾಕಿದಾಗ ಉಳಿದಿದ್ದವರು 481. ಮೂರು ತಿಂಗಳ ಜಮಾಖರ್ಚು ಇದು.

ಕೊರಳಿನ ಬಿಲ್ಲೆ

ದಿನ ಕಳೆದಂತೆ ವಸಾಹತಿಗೆ ಒಂದು ಕ್ರಮ ಬಂದಿತು. ಬಂಡಾಯಗಾರರ ಹಿಂದೆಯೇ ಕೊಲೆಗಾರರು, ದರೋಡೆಕಾರರು, ಕುಲವೈರದಲ್ಲಿ ಕತ್ತಿಯೆತ್ತಿದ ಪಠಾಣರು, ಬರ್ಮೀಯರು, ಗಂಡನಿಗೆ ವಿಷವಿಟ್ಟಳೆಂದೋ ಕೂಸನ್ನು ಕೊಂದಳೆಂದೋ ಅಪರಾಧ ಹೊತ್ತ ಹೆಂಗಸರು ಬಂದು ತುಂಬಿಕೊಂಡರು. 1901ರ ಹೊತ್ತಿಗೆ ಕೈದಿಗಳ ಸಂಖ್ಯೆಯೇ ಸುಮಾರು 12,000ಕ್ಕೆ ಮುಟ್ಟಿದ್ದಿತು.

ಕೈದಿಯ ಕೊರಳಿಗೆ ಕಬ್ಬಿಣದ ಬಳೆಯೊಂದನ್ನು ತೊಡಿಸುತ್ತಿದ್ದರು. ಅದಕ್ಕೆ ಅಂಗೈಯಲ್ಲಿ ಹಿಡಿಸುವಷ್ಟು ಮರದ ಬಿಲ್ಲೆ. ಬಿಲ್ಲೆಯ ಮೇಲೆ ಅವನ ಸಂಖ್ಯೆ, ಯಾವ ಕಲಮಿನ ಮೇರೆಗೆ ಶಿಕ್ಷೆಯಾಯಿತೆಂಬುದು, ಶಿಕ್ಷೆಯಾದ ದಿನ, ಬಿಡುಗಡೆಯಾಗುವ ದಿನ. ಹೆಸರಿಗೆ ಅದರಲ್ಲಿ ಎಡೆಯಿಲ್ಲ. ಅಪಾಯಕಾರಿಯೆಂದು ಎಣಿಸಿದವನ ಬಿಲ್ಲೆಯ ಮೇಲೆ ‘ಡಿ’ ಎಂಬ ಇಂಗ್ಲಿಷ್ ಅಕ್ಷರವನ್ನೂ ಕೆತ್ತುತ್ತಿದ್ದರು. ಎದೆಗೂಡಿನ ಮೇಲೆ ಹಗಲಿರುಳೂ ತೂಗಾಡುತ್ತಿದ್ದ ಆ ಮರದ ಚೂರಿನಲ್ಲಿ ತನ್ನ ಬಿಡುಗಡೆಯ ವರ್ಷವನ್ನು, ಅದು ಮೂವತ್ತೋ ನಲವತ್ತೋ ವರ್ಷಗಳಾಚೆಯದಾಗಿದ್ದರೂ, ದಿನವೂ ತಡವಿ ನೋಡಬಹುದಾಗಿದ್ದ ಮನುಷ್ಯನ ಮನಸ್ಸನ್ನು ಊಹಿಸುವುದು ಕಷ್ಟ.

ಶಿಕ್ಷೆಯ ಸೋಪಾನ ಹೀಗಿದ್ದಿತು. ಇದು ಸೆಲ್ಯುಲಾರ್ ಜೈಲು ಕಟ್ಟಿದ ಮೇಲಿನ ರೂಪ. ಮೊದಲ ಆರು ತಿಂಗಳು ಏಕಾಂತ ಕೋಣೆ; ಆಮೇಲೆ ಒಂದೂವರೆ ವರ್ಷ ಇತರರೊಡನೆ ಸೆರೆವಾಸ; ಮುಂದಿನ ಮೂರು ವರ್ಷ ಕಾಡಿನಲ್ಲೋ ಇಟ್ಟಿಗೆಯ ಗೂಡಿನಲ್ಲೋ ಗುಂಪು ದುಡಿಮೆ; ಅನಂತರದ ಐದು ವರ್ಷ ದುಡಿಮೆಯ ಜತೆಗೆ ಅಲ್ಪ ಭತ್ಯ, ಚಿಕ್ಕಪುಟ್ಟ ಅಧಿಕಾರ. ಹೀಗೆ ಹತ್ತು ವರ್ಷ ತಪ್ಪಿಲ್ಲದೆ ಕಳೆದವನಿಗೆ ‘ಟಿಕೆಟ್ಟು’ ದೊರೆಯುತ್ತಿದ್ದಿತು. ಟಿಕೆಟ್ಟು ಸಿಕ್ಕವನು ಹಳ್ಳಿಯಲ್ಲಿ ತುಂಡು ಹೊಲ ಪಡೆದು, ತಾನೇ ದುಡಿದು ತಿಂದು, ಬೇಕಾದರೆ ಊರಿನಿಂದ ಹೆಂಡತಿಮಕ್ಕಳನ್ನು ಕರೆಸಿಕೊಳ್ಳಬಹುದು. ಇಲ್ಲವೇ ಸ್ತ್ರೀಕೈದಿಯೊಬ್ಬಳನ್ನು ಮದುವೆಯಾಗಬಹುದು. ದ್ವೀಪವನ್ನು ಬಿಟ್ಟು ಹೋಗುವುದೊಂದು ಮಾತ್ರ ಸಲ್ಲದು.

ಕೈದಿಗಳನ್ನು ಕಾಯುತ್ತಿದ್ದವರೂ ಬಹುಮಟ್ಟಿಗೆ ಕೈದಿಗಳೇ. ಟಿಂಡಾಲ, ಜಮಾದಾರ, ಪೆಟ್ಟಿ ಆಫೀಸರ್ ಎಂಬ ಪದವಿಗಳಿಗೆ ಅವರಲ್ಲಿಯೇ ಒರಟಾದವರನ್ನು ಆರಿಸುತ್ತಿದ್ದರು. ನಿನ್ನೆಯವರೆಗೆ ಪೆಟ್ಟು ತಿಂದವನ ಕೈಗೆ ಇಂದು ಕೋಲು ಕೊಟ್ಟರೆ ಅವನು ಹೇಗೆ ನಡೆದುಕೊಳ್ಳುತ್ತಾನೆಂಬುದನ್ನು ಆಳುವವರು ಬಲ್ಲವರಾಗಿದ್ದರು.

ಇಂಥ ಬಾಳಿನ ಚಿತ್ರವನ್ನು ಒಳಗಿನಿಂದ ಕಂಡು ಬರೆದವನು ಮೌಲಾನಾ ಜಾಫರ್ ಥಾನೇಸರಿ. ಅಂಬಾಲೆಯ ರಾಜದ್ರೋಹದ ಮೊಕದ್ದಮೆಯಲ್ಲಿ ಶಿಕ್ಷಿತನಾಗಿ 1866ರಲ್ಲಿ ಬಂದ ಆತ, ಅಲ್ಲಿಯೇ ಮುನ್ಷಿಯಾಗಿ, ಇಂಗ್ಲಿಷು ಕಲಿತು, ಮದುವೆಯಾಗಿ, ಮಕ್ಕಳನ್ನು ಪಡೆದು, 1883ರಲ್ಲಿ ಸಂಸಾರಸಮೇತನಾಗಿ ತಾಯ್ನಾಡಿಗೆ ಮರಳಿದನು. ಸೆಲ್ಯುಲಾರ್ ಜೈಲಿನ ಹೆಸರೂ ಹುಟ್ಟಿರದಿದ್ದ ಕಾಲದ ಅಂಡಮಾನು ಅವನದು.

ವೈಸರಾಯಿಯ ಸಾವು

1872ರ ಫೆಬ್ರವರಿ 8ರಂದು ವೈಸರಾಯ್ ಲಾರ್ಡ್ ಮೇಯೊ ವಸಾಹತನ್ನು ನೋಡಲು ಬಂದಿದ್ದನು. ಸಂಜೆಯ ಸೂರ್ಯಾಸ್ತವನ್ನು ಮೌಂಟ್ ಹ್ಯಾರಿಯೆಟ್ಟಿನ ಮೇಲಿನಿಂದ ಕಂಡು, ಕತ್ತಲಾದ ಮೇಲೆ ಹೋಪ್‌ಟೌನಿನ ದಕ್ಕೆಗೆ ಇಳಿದು, ಇನ್ನೇನು ದೋಣಿ ಹತ್ತಬೇಕೆನ್ನುವಾಗ, ಶೇರ್ ಅಲಿ ಎಂಬ ಅಫ್ರೀದಿ ಪಠಾಣ ಕೈದಿಯು ಹಿಂದಿನಿಂದ ಹಾಯ್ದು ಚೂರಿಯಿಂದ ಇರಿದನು. ಅಧಿಕಾರದಲ್ಲಿದ್ದಾಗಲೇ ಕೊಲೆಯಾದ ವೈಸರಾಯ್ ಆತನೊಬ್ಬನೇ. ಶೇರ್ ಅಲಿಯನ್ನು ಮಾರ್ಚ್ 11ರಂದು ವೈಪರ್ ದ್ವೀಪದಲ್ಲಿ ಗಲ್ಲಿಗೇರಿಸಿದರು. ಅವನು ಸನ್ನಡತೆಯ ಕೈದಿಯೆಂದು ಹೆಸರು ಪಡೆದು ಕ್ಷೌರಿಕನ ಕೆಲಸ ಮಾಡಿಕೊಂಡಿದ್ದವನು ಎಂಬುದು ಆಡಳಿತಕ್ಕೆ ಬಹಳ ಕಾಲ ಕೊರೆಯುವ ಮುಳ್ಳಾಯಿತು.

ಅನಂತರ ಬಿಗಿ ಹೆಚ್ಚಿತು. 1890ರಲ್ಲಿ ಲಯಲ್ ಮತ್ತು ಲೆತ್‌ಬ್ರಿಜ್ ಎಂಬಿಬ್ಬರು ಅಧಿಕಾರಿಗಳು ಬಂದು ಪರಿಶೀಲಿಸಿ, ಅಂಡಮಾನಿನ ಭಯವು ಜನರ ಮನಸ್ಸಿನಿಂದ ಹೋಗಿದೆ, ಭಾರತದ ಸೆರೆಮನೆಗಿಂತ ಅಲ್ಲಿಗೆ ಹೋಗುವುದೇ ವಾಸಿಯೆಂದು ಕೈದಿಗಳು ಬಯಸುವಂತಾಗಿದೆ, ಆದುದರಿಂದ ಅಲ್ಲಿಗೆ ಹೋದವನು ಮೊದಲು ಒಂಟಿ ಕೋಣೆಯ ರುಚಿ ನೋಡಬೇಕು ಎಂದು ವರದಿಯಿತ್ತರು. ಸೆಲ್ಯುಲಾರ್ ಜೈಲಿನ ಬೀಜ ಈ ವರದಿಯಲ್ಲಿದೆ.

ಕೈಗೆಟುಕದ ಅಗುಳಿ

1896ರಲ್ಲಿ ಆರಂಭವಾದ ಕಟ್ಟಡ 1906ರಲ್ಲಿ ಮುಗಿಯಿತು. ಐದು ಲಕ್ಷ ರೂಪಾಯಿಗಳಿಗೂ ಮೀರಿದ ವೆಚ್ಚ. ದುಡಿದವರು ಕೈದಿಗಳು, ತಮ್ಮನ್ನೇ ಕೂಡಿಹಾಕುವ ಕೋಣೆಗಳನ್ನು ತಾವೇ ಕಟ್ಟಿದರು. ಬಂಡಿಯ ಗಾಲಿಗೆ ನಡುವೆ ಗುಂಭವಿದ್ದು ಅದರಿಂದ ಅರಗಳು ಹೊರಡುವಂತೆ, ನಡುವೆ ಕಾವಲಿನ ಗೋಪುರ, ಅದರಿಂದ ಹೊರಟ ಏಳು ಮಹಡಿಸಾಲುಗಳು. ಪ್ರತಿಯೊಂದಕ್ಕೂ ಮೂರು ಅಂತಸ್ತು. ಒಟ್ಟು 693 ಕೋಣೆಗಳು. ಒಂದು ಸಾಲಿನ ಬಾಗಿಲುಗಳು ಮುಂದಿನ ಸಾಲಿನ ಬೆನ್ನನ್ನು ನೋಡುತ್ತವೆ. ಆದುದರಿಂದ ಕೈದಿಗೆ ಕಾಣುವುದು ಗೋಡೆ, ಗೋಡೆಯ ಮೇಲಿನ ಒಂದಿಷ್ಟು ಆಕಾಶ. ಇನ್ನೊಬ್ಬನ ಮುಖ ಕಾಣದು.

ಕೋಣೆಯೊಂದು ಹದಿಮೂರೂವರೆ ಅಡಿ ಉದ್ದ, ಏಳೂವರೆ ಅಡಿ ಅಗಲ. ತಲೆಯ ಮೇಲೆ ಎಟುಕದ ಎತ್ತರದಲ್ಲಿ ಒಂದು ಬೆಳಕಂಡಿ. ಆದರೆ ಈ ಕಟ್ಟಡದ ಬುದ್ಧಿಯೆಲ್ಲ ಅದರ ಅಗುಳಿಯಲ್ಲಿದೆ. ಸಾಮಾನ್ಯವಾಗಿ ಬಾಗಿಲಿನ ಅಗುಳಿ ಬಾಗಿಲಿನ ಮೇಲೆಯೇ ಇರುತ್ತದೆ, ಇಲ್ಲಿ ಹಾಗಲ್ಲ. ಕಂಬಿಯ ಬಾಗಿಲಿನಿಂದ ಹೊರಟ ಉದ್ದನೆಯ ಕಬ್ಬಿಣದ ಪಟ್ಟಿಯು ಪಕ್ಕದ ಗೋಡೆಯೊಳಗೆ ಕೊರೆದ ಗೂಡಿನಲ್ಲಿ ಹೊಕ್ಕು ಅಲ್ಲಿ ಬೀಗಕ್ಕೆ ಸಿಕ್ಕುತ್ತದೆ. ಒಳಗಿರುವವನು ಕಂಬಿಯ ಸಂದಿನಿಂದ ತೋಳನ್ನು ಭುಜದವರೆಗೆ ಹೊರಚಾಚಿ ಎಷ್ಟು ಬಳಸಿದರೂ ಬೆರಳು ಆ ಗೂಡನ್ನು ಮುಟ್ಟಲಾರದು. ಇಂದಿಗೂ ಅಲ್ಲಿಗೆ ಹೋದವರು ಕೋಣೆಯೊಳಗೆ ನಿಂತು ತಮ್ಮ ಕೈಯನ್ನು ಚಾಚಿ ನೋಡುತ್ತಾರೆ. ಮಕ್ಕಳು ನಗುತ್ತಾರೆ, ದೊಡ್ಡವರು ಕೈಯನ್ನು ಬೇಗನೆ ಒಳಕ್ಕೆಳೆದುಕೊಳ್ಳುತ್ತಾರೆ.

ಅಲೀಪುರ ಬಾಂಬಿನ ಮೊಕದ್ದಮೆಯ ಬಾರೀಂದ್ರ ಕುಮಾರ ಘೋಷ್, ಉಲ್ಲಾಸಕರ ದತ್ತ, ಹೇಮಚಂದ್ರ ದಾಸ್ ಮೊದಲಾದವರೂ, ಗಣೇಶ ಮತ್ತು ವಿನಾಯಕ ಸಾವರ್ಕರ್ ಸಹೋದರರೂ ಈ ಕೋಣೆಗಳಲ್ಲಿದ್ದರು. ಎತ್ತಿಗೆ ಬದಲಾಗಿ ಗಾಣಕ್ಕೆ ಮನುಷ್ಯನನ್ನು ಹೂಡಿ, ದಿನಕ್ಕೆ 30 ಪೌಂಡು ಕೊಬ್ಬರಿ ಎಣ್ಣೆ ಇಳಿಸಬೇಕೆಂಬ ಕಟ್ಟಳೆ; ಗಾಣವಿಲ್ಲದವರಿಗೆ ತೆಂಗಿನ ಮಟ್ಟೆಯನ್ನು ಬಡಿದು ಕತ್ತ ತೆಗೆಯುವ ಕೆಲಸ. ನಮ್ಮ ಕರಾವಳಿಯ ಹೆಂಗಸರು ಮಟ್ಟೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆಹಾಕಿ ಬಡಿಯುವುದನ್ನು ಕಂಡವರಿಗೆ, ಒಣ ಮಟ್ಟೆಯನ್ನು ಬಡಿದರೆ ಅಂಗೈಯ ಗತಿಯೇನಾಗುವುದೆಂದು ವಿವರಿಸಬೇಕಾಗಿಲ್ಲ. ಇಂದುಭೂಷಣ ರಾಯ್ 1912ರಲ್ಲಿ ತನ್ನ ಕೋಣೆಯಲ್ಲಿಯೇ ನೇಣು ಹಾಕಿಕೊಂಡನು. ಉಲ್ಲಾಸಕರನ ಬುದ್ಧಿ ಕೆಟ್ಟಿತು. 1933ರ ಉಪವಾಸ ಮುಷ್ಕರದಲ್ಲಿ ಬಲವಂತವಾಗಿ ಹಾಲು ಕುಡಿಸಲು ಹೋಗಿ ಮಹಾವೀರ ಸಿಂಗ್, ಮೋಹನ ಕಿಶೋರ ನಾಮದಾಸ್, ಮೋಹಿತ ಮೈತ್ರ ಎಂಬ ಮೂವರು ತೀರಿಕೊಂಡರು. 1937ರಲ್ಲಿ ಮತ್ತೊಮ್ಮೆ ದೀರ್ಘವಾದ ಉಪವಾಸ ನಡೆದು, ದೇಶವೆಲ್ಲ ಕೂಗೆದ್ದ ಮೇಲೆ, 1938ರ ಆದಿಯೊಳಗೆ ರಾಜಕೀಯ ಕೈದಿಗಳನ್ನು ಸ್ವದೇಶಕ್ಕೆ ಸಾಗಿಸಿದರು.

ಕಾಡಿನ ಒಡೆಯರು

ಈ ಕಥೆಯಲ್ಲಿ ಶಿಕ್ಷೆಗೆ ಒಳಗಾಗದೆಯೂ ಎಲ್ಲರಿಗಿಂತ ಹೆಚ್ಚು ದಂಡ ತೆತ್ತವರು ದ್ವೀಪದ ಮೂಲನಿವಾಸಿಗಳು. ದೂಧನಾಥ ತಿವಾರಿ ಎಂಬ ಸಿಪಾಯಿಯು 1858ರ ಏಪ್ರಿಲ್ ತಿಂಗಳಿನಲ್ಲಿ ತಪ್ಪಿಸಿಕೊಂಡು ಅವರ ಕೈಗೆ ಸಿಕ್ಕಿದನು. ಅವರು ಅವನನ್ನು ಕೊಲ್ಲದೆ ಸಾಕಿ, ತಮ್ಮ ಹೆಣ್ಣನ್ನೂ ಕೊಟ್ಟರು. ಒಂದು ವರ್ಷದ ತರುವಾಯ, 1859ರ ಮೇ ತಿಂಗಳಲ್ಲಿ, ಅವರು ವಸಾಹತಿನ ಮೇಲೆ ಬೀಳಲು ಸಿದ್ಧರಾದಾಗ, ಈತ ಓಡಿಬಂದು ವಾಕರನಿಗೆ ಸುದ್ದಿ ಮುಟ್ಟಿಸಿದನು. ಅಬರ್ಡೀನ್ ಕಾಳಗದಲ್ಲಿ ಬಿಲ್ಲುಬಾಣಗಳು ಬಂದೂಕಿಗೆ ಸೋತುವು. ದೂಧನಾಥನಿಗೆ ಕ್ಷಮಾದಾನ ದೊರೆಯಿತು. ಅವನ ಕೃತ್ಯವನ್ನು ಏನೆಂದು ಕರೆಯಬೇಕೋ ಓದುಗರೇ ನಿರ್ಧರಿಸಲಿ.

ಬಂದೂಕಿಗಿಂತ ಹೆಚ್ಚಾಗಿ ಅವರನ್ನು ಕೊಂದುದು ರೋಗ. ಅವರನ್ನು ಪಳಗಿಸಲೆಂದು ತೆರೆದ ‘ಅಂಡಮಾನ್ ಮನೆ’ಗಳ ಮೂಲಕವೇ ಉಪದಂಶ ಹರಡಿತು, 1877ರಲ್ಲಿ ದಡಾರ ಬಂದಿತು. ಗ್ರೇಟ್ ಅಂಡಮಾನೀ ಜನರು 1901ರ ಗಣತಿಯಲ್ಲಿ 625 ಮಂದಿ, 1931ರಲ್ಲಿ 90, 1961ರಲ್ಲಿ 19. ಸಂರಕ್ಷಣೆಯ ಮಾತನ್ನಾಡುವಾಗ ಇಟ್ಟಿಗೆ ಗಾರೆಗಳ ಚಿಂತೆಯೇ ನಮಗೆ ಮೊದಲು ಹೊಳೆಯುತ್ತದೆ; ಈ ಮೂರು ಅಂಕಿಗಳ ಚಿಂತೆ ಹೊಳೆಯುವುದಿಲ್ಲ.

ಒಡೆದುದು, ಉಳಿದುದು

1941ರ ಜೂನ್ 26ರ ಭೂಕಂಪದಲ್ಲಿ ರಾಸ್ ದ್ವೀಪದ ಬಂಗಲೆಗಳು ಬಿರುಕುಬಿಟ್ಟುವು, ಜೈಲಿಗೂ ಪೆಟ್ಟಾಯಿತು. 1942ರ ಮಾರ್ಚ್ 23ರಂದು ಜಪಾನೀಯರು ಬಂದಿಳಿದರು. ಜೈಲಿನ ಎರಡು ಸಾಲುಗಳು ಅವರ ಕಾಲದಲ್ಲಿ ನೆಲಕ್ಕುರುಳಿದುವು. ಉಳಿದ ಕೋಣೆಗಳಲ್ಲಿ ಗೂಢಚಾರರೆಂಬ ಸಂಶಯದ ಮೇಲೆ ಸ್ಥಳೀಯರನ್ನು ತುಂಬಿದರು. ಡಾಕ್ಟರ್ ದಿವಾನ್ ಸಿಂಗ್ ಎಂಬ ಪಂಜಾಬಿ ಕವಿಯು 1944ರ ಜನವರಿಯಲ್ಲಿ ಅವರ ಚಿತ್ರಹಿಂಸೆಯಿಂದಲೇ ಮಡಿದನು. 1943ರ ಡಿಸೆಂಬರಿನ ಕೊನೆಯಲ್ಲಿ ಸುಭಾಷ್ ಚಂದ್ರ ಬೋಸರು ಪೋರ್ಟ್ ಬ್ಲೇರಿನಲ್ಲಿಯೇ ತ್ರಿವರ್ಣಧ್ವಜವನ್ನು ಏರಿಸಿದ್ದರು. ಒಂದೇ ತಿಂಗಳ ಅಂತರದಲ್ಲಿ ಹಮ್‌ಫ್ರೀಗಂಜಿನಲ್ಲಿ 44 ಮಂದಿ ಸ್ಥಳೀಯರನ್ನು ಜಪಾನೀಯರು ಗುಂಡಿಟ್ಟು ಕೊಂದರು. ಈ ಎರಡು ನೆನಪುಗಳನ್ನೂ ಒಂದೇ ಊರು ಹೊತ್ತುಕೊಂಡಿದೆ.

ಸ್ವಾತಂತ್ರ್ಯ ಬಂದ ಮೇಲೆ ಜೈಲನ್ನು ಏನು ಮಾಡುವುದೆಂಬ ಪ್ರಶ್ನೆಗೆ ಬಹಳ ಸರಳವಾದ ಉತ್ತರ ತೋರಿತು: ಒಡೆಯುವುದು. ಇನ್ನೆರಡು ಸಾಲುಗಳನ್ನು ಕೆಡವಿದರು. ಆ ನೆಲದ ಮೇಲೆ 1963ರಲ್ಲಿ ಗೋವಿಂದ ವಲ್ಲಭ ಪಂತರ ಹೆಸರಿನ ಆಸ್ಪತ್ರೆ ಎದ್ದಿತು. ಊರಿಗೆ ಆಸ್ಪತ್ರೆ ಬೇಡವೆಂದು ಯಾರು ಹೇಳಬಲ್ಲರು? ಆದರೆ ಅಂಡಮಾನಿನಲ್ಲಿ ಸೆರೆಯಿದ್ದು ಬಂದ ವೃದ್ಧರು ಒಟ್ಟಾಗಿ, ಉಳಿದುದನ್ನಾದರೂ ಉಳಿಸಿರೆಂದು ಸರ್ಕಾರದ ಬಾಗಿಲು ಬಡಿದರು. ತಮ್ಮನ್ನು ಕೂಡಿಹಾಕಿದ್ದ ಗೋಡೆಗಳು ಬೀಳಬಾರದೆಂದು ಕೈದಿಗಳೇ ಹೋರಾಡಿದ ವಿಚಿತ್ರವನ್ನು ಬೇರೆಲ್ಲಿ ಕಾಣಬೇಕು? 1979ರ ಫೆಬ್ರವರಿ 11ರಂದು ಪ್ರಧಾನಿ ಮೊರಾರ್ಜಿ ದೇಸಾಯಿಯವರು ಅದನ್ನು ರಾಷ್ಟ್ರೀಯ ಸ್ಮಾರಕವಾಗಿ ಸಮರ್ಪಿಸಿದರು. ಇಂದು ಉಳಿದಿರುವುವು ಮೂರು ಸಾಲುಗಳು, ನಡುವಿನ ಗೋಪುರ. ಗೋಪುರದೊಳಗೆ ಅಮೃತಶಿಲೆಯ ಮೇಲೆ ಕೊರೆದ ಹೆಸರುಗಳು. 2014ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಸಂಭಾವ್ಯ ಪಟ್ಟಿಗೆ ಜೈಲಿನ ಹೆಸರು ಸೇರಿದೆ.

ಅದೇ 1979ರಲ್ಲಿಯೇ ರಾಸ್ ದ್ವೀಪವನ್ನು ನೌಕಾಪಡೆ ವಹಿಸಿಕೊಂಡಿತು. ವೈಪರ್ ದ್ವೀಪದಲ್ಲಿ ಗುಡ್ಡದ ಮೇಲೆ ಗುಮ್ಮಟವಿರುವ ನೇಣುಮನೆಯೊಂದು, ಸುತ್ತಮುತ್ತ ಒಂದಿಷ್ಟು ಮುರುಕು ಗೋಡೆಗಳು ನಿಂತಿವೆ. ಸಂಕೋಲೆಯ ಗುಂಪುಗಳು ದುಡಿಯುತ್ತಿದ್ದ ಸ್ಥಳ ಅದು.

ಬೇರು ಕೀಳುವ ಕಷ್ಟ

ಅಂಡಮಾನಿನ ಗಾಳಿಯಲ್ಲಿ ಉಪ್ಪು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಉಪ್ಪು ಕಬ್ಬಿಣದ ಕಂಬಿಯನ್ನು ತಿನ್ನುತ್ತದೆ. ತುಕ್ಕು ಹಿಡಿದ ಕಂಬಿ ಊದಿಕೊಂಡು ಸುತ್ತಲ ಇಟ್ಟಿಗೆಯನ್ನು ಸೀಳುತ್ತದೆ. ಹಳೆಯ ಗೋಡೆಗಳು ಸುಣ್ಣದ ಗಾರೆಯವು. ಕುಡಿದ ನೀರನ್ನು ಮೆಲ್ಲನೆ ಹೊರಬಿಡುವ ಗುಣ ಸುಣ್ಣಕ್ಕುಂಟು. ಇಂಥ ಗೋಡೆಗೆ ದುರಸ್ತಿಯ ಉತ್ಸಾಹದಲ್ಲಿ ಸಿಮೆಂಟನ್ನು ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು, ಮೇಲೆ ನುಣ್ಣಗೆ ಕಂಡರೂ ಇಟ್ಟಿಗೆ ಒಳಗೊಳಗೆ ಹಿಟ್ಟಾಗುತ್ತದೆ. ಹಳ್ಳಿಯ ಗುಡಿಯ ಗೋಡೆಗೆ ಸಿಮೆಂಟು ಮೆತ್ತಿ ಕೆಡಿಸಿದ ಪುಣ್ಯವಂತರು ನಮ್ಮಲ್ಲಿಯೂ ಬೇಕಾದಷ್ಟಿದ್ದಾರೆ.

ಎಲ್ಲಕ್ಕಿಂತ ಕಠಿನವಾದುದು ರಾಸ್ ದ್ವೀಪದ ಬೇರುಗಳ ಸಮಸ್ಯೆ. ಹಕ್ಕಿಯೊಂದು ಹಾಕಿದ ಬೀಜ ಗೋಡೆಯ ನೆತ್ತಿಯಲ್ಲಿ ಮೊಳೆತು, ಮಣ್ಣನ್ನು ಹುಡುಕುತ್ತ ಬೇರನ್ನು ಕೆಳಗಿಳಿಸಿ, ಮಣ್ಣು ಸಿಕ್ಕೊಡನೆ ಬೇರನ್ನು ದಪ್ಪಗೊಳಿಸಿ, ಗೋಡೆಯನ್ನು ಸೀಳುತ್ತದೆ. ಮರವನ್ನು ಹಾಗೆಯೇ ಬಿಟ್ಟರೆ ಗೋಡೆಗೆ ಅಳಿವು. ಒಮ್ಮೆಲೇ ಕಿತ್ತರೆ, ಬೇರಿನ ಹಿಡಿತದಿಂದಲೇ ನಿಂತಿದ್ದ ಗೋಡೆ ಅಂದೇ ಕುಸಿಯುತ್ತದೆ. ಕೆಲಸ ಬಲ್ಲವರು ಮೇಲಿನ ಕೊಂಬೆಗಳನ್ನು ತೆಗೆದು, ಬೇರು ತಾನಾಗಿ ಸಾಯುವಂತೆ ಮಾಡಿ, ಅದು ಕುಗ್ಗಿದಂತೆಲ್ಲ ತೆರವಾದ ಸಂದುಗಳಿಗೆ ಸುಣ್ಣದ ಗಾರೆಯನ್ನು ತುಂಬುತ್ತ, ವರ್ಷಗಟ್ಟಲೆ ತಾಳ್ಮೆಯಿಂದ ಕಾಯಬೇಕಾಗುತ್ತದೆ. ಅಷ್ಟು ತಾಳ್ಮೆಗೆ ಹಣ ಮಂಜೂರು ಮಾಡುವ ಕಚೇರಿಗಳು ಕಡಿಮೆ.

ಅದಲ್ಲದೆ ಮತ್ತೊಂದು ಮಾತುಂಟು. ಜನ ಅಲ್ಲಿಗೆ ಹೋಗುವುದೇ ಆ ಬೇರುಗಳನ್ನು ನೋಡುವುದಕ್ಕೆ. ಬೇರಿನ ಜಾಲದಲ್ಲಿ ಸಿಕ್ಕಿದ ಕಿಟಕಿಯ ಎದುರು ನಿಂತು ಫೋಟೊ ತೆಗೆಸಿಕೊಳ್ಳದೆ ಹಿಂದಿರುಗುವವರಿಲ್ಲ. ಬಿಳಿಯ ಅಧಿಕಾರಿಯ ನೃತ್ಯಶಾಲೆಯನ್ನು ಮರ ನುಂಗುತ್ತಿರುವುದನ್ನು ನೋಡುವುದರಲ್ಲಿ ನಮಗೆ ಒಂದು ಬಗೆಯ ತೃಪ್ತಿಯೂ ಇದೆ. ಹಾಗೆಂದು ಅದನ್ನು ಪೂರ್ತಿ ನುಂಗಲು ಬಿಟ್ಟರೆ, ಅದನ್ನು ಕಟ್ಟಿದ ಕೈದಿಯ ಕೈಯ ಗುರುತೂ ಅದರೊಡನೆ ಹೋಗುತ್ತದೆ. ದ್ವೀಪದ ಸ್ಮಶಾನದಲ್ಲಿ ಆಂಗ್ಲರ ಸಮಾಧಿಗಳಿವೆ. ಕೈದಿಗಳಿಗೆ ಅಲ್ಲಿ ಕಲ್ಲಿಲ್ಲ. ಅವರ ಪಾಲಿಗೆ ಇರುವ ಕಲ್ಲು ಈ ಗೋಡೆಗಳೇ.

ಆಸ್ಟ್ರೇಲಿಯದಲ್ಲಿಯೂ ಇಂಥ ಶಿಕ್ಷಾವಸಾಹತುಗಳಿದ್ದುವು. ತಮ್ಮ ಮುತ್ತಜ್ಜ ಕೈದಿಯಾಗಿದ್ದನೆಂಬುದನ್ನು ಅಲ್ಲಿಯ ಜನ ಒಂದು ಕಾಲದಲ್ಲಿ ಮುಚ್ಚಿಡುತ್ತಿದ್ದರು. ಈಗ ಹುಡುಕಿ ಹುಡುಕಿ ಹೇಳಿಕೊಳ್ಳುತ್ತಾರೆ. 2010ರಲ್ಲಿ ಅಂಥ 11 ತಾಣಗಳು ಒಟ್ಟಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವರು ಗವರ್ನರನ ಮನೆಯನ್ನೂ ಹೆಂಗಸರ ದುಡಿಮೆಯ ಕೋಠಿಯನ್ನೂ ಗಣಿಯನ್ನೂ ಒಂದೇ ಕಥೆಯ ಭಾಗಗಳಾಗಿ ನೋಡಿದರು. ನಾವು ಜೈಲೊಂದನ್ನು ತೀರ್ಥಕ್ಷೇತ್ರವನ್ನಾಗಿ ಮಾಡಿ, ಮಿಕ್ಕುದನ್ನು ವಿಹಾರಸ್ಥಳವನ್ನಾಗಿ ಬಿಟ್ಟಿದ್ದೇವೆ. ಹುತಾತ್ಮರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆದರೆ ಹೊಟ್ಟೆಪಾಡಿಗೆ ಕದ್ದವನೂ ಸಿಟ್ಟಿನಲ್ಲಿ ಕೊಂದವನೂ ಇದ್ದ ಆ ಹನ್ನೆರಡು ಸಾವಿರದ ಲೆಕ್ಕ ಯಾವ ಅಮೃತಶಿಲೆಯ ಮೇಲೂ ಕಾಣದು.

ಬಸ್ಸಿನ ಹಲಗೆ

ಅವರ ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ಇದ್ದಾರೆ. ‘ಲೋಕಲ್ ಬಾರ್ನ್’ ಎಂದು ಅವರಿಗೆ ಹೆಸರು. ಮದ್ರಾಸಿನವನು ಪಂಜಾಬಿನವಳನ್ನು, ಬಂಗಾಳಿಯು ಬರ್ಮೀಯಳನ್ನು ಕೈಹಿಡಿದು ಹುಟ್ಟಿದ ಆ ಜನಕ್ಕೆ ಜಾತಿಯ ಕಟ್ಟು ಸಡಿಲವಾಯಿತು, ಹಿಂದೂಸ್ತಾನಿ ಮನೆಮಾತಾಯಿತು. ಪೋರ್ಟ್ ಬ್ಲೇರಿನ ಶಾದಿಪುರ ಎಂಬ ಬಡಾವಣೆಗೆ ಆ ಹೆಸರು ಬಂದುದು ಕೈದಿಗಳ ಮದುವೆಗಳಿಂದ ಎಂದು ಅಲ್ಲಿಯವರು ಹೇಳುತ್ತಾರೆ.

1921ರಲ್ಲಿ ಸರ್ಕಾರ ಈ ವಸಾಹತನ್ನು ಮುಚ್ಚುವೆನೆಂದು ಘೋಷಿಸಿತು. ಅದೇ ವರ್ಷ ಮಲಬಾರಿನಲ್ಲಿ ಮಾಪಿಳ್ಳೆಯರ ದಂಗೆಯೆದ್ದಿತು. ಹಿಡಿದವರಲ್ಲಿ ಬಹುಮಂದಿಯನ್ನು ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯ ಸೆರೆಮನೆಗಳಲ್ಲಿ ತುಂಬಿದರು. ಪ್ರಾಂತದ ಸೆರೆಮನೆಗಳೆಲ್ಲ ಕಿಕ್ಕಿರಿದು ಎಡೆ ಸಾಲದಾದಾಗ ಮುಚ್ಚಬೇಕೆಂದಿದ್ದ ಅಂಡಮಾನು ಮತ್ತೆ ನೆನಪಾಯಿತು. ಮಾಪಿಳ್ಳೆ ಕೈದಿಗಳು ಹೋದರು. ಕೆಲವು ವರ್ಷಗಳಲ್ಲಿ ಅವರ ಹೆಂಡಿರು ಮಕ್ಕಳೂ ಹೋದರು. ಕಾಡು ಕಡಿದು ಗದ್ದೆ ಮಾಡಿದ ಕಡೆಯಲ್ಲೆಲ್ಲ ಬಿಟ್ಟು ಬಂದ ಊರಿನ ಹೆಸರನ್ನು ನೆಟ್ಟರು: ಕ್ಯಾಲಿಕಟ್, ಮಂಜೇರಿ, ಮಲಪ್ಪುರಂ, ತಿರೂರು, ವಂಡೂರು.

ಪೋರ್ಟ್ ಬ್ಲೇರಿನ ಬಸ್ ನಿಲ್ದಾಣದಲ್ಲಿ ಬೆಳಗ್ಗೆ ‘ವಂಡೂರ್’ ಎಂದು ಹಲಗೆ ಹೊತ್ತ ಬಸ್ಸು ನಿಂತಿರುತ್ತದೆ. ಆ ಊರಿನ ತೀರದಿಂದ ಹವಳದ ದಿಬ್ಬಗಳನ್ನು ನೋಡಲು ದೋಣಿ ಹೊರಡುವುದರಿಂದ, ಟೋಪಿ ಧರಿಸಿ ನೀರಿನ ಬಾಟಲಿ ಹಿಡಿದ ಯಾತ್ರಿಕರು ನೂಕಾಡಿ ಅದನ್ನು ಹತ್ತುತ್ತಾರೆ. ಮಲಬಾರಿನ ಕಡೆಯವರೊಬ್ಬರು ಗುಂಪಿನಲ್ಲಿದ್ದರೆ ಮಾತ್ರ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತಲೆಯೆತ್ತಿ ಹಲಗೆಯನ್ನು ಇನ್ನೊಮ್ಮೆ ಓದಿಕೊಂಡು, ಕಂಡಕ್ಟರನನ್ನು ಕೇಳುತ್ತಾರೆ: ‘ಇದು ಯಾವ ವಂಡೂರಪ್ಪಾ?’